ಹಳೇ ಪೆಟ್ಟಿಗೆ ಮೇಲಿನ ಬಿಳಿ ಹಲಗೆ: ದಂತಾನಾ, ಮೂಳೇನಾ, ಪ್ಲಾಸ್ಟಿಕ್ಕಾ?

ಹೊಂಡದ_ಸರ್ಕಲ್
ದಾವಣಗೆರೆ ಹಳೇಪೇಟೆಯಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಮನೆ ಈಗ ಪಾಲಾಗ್ತಾ ಐತಿ. ಅಟ್ಟದಿಂದ ಇಳಿಸಿದ ಸಾಮಾನಲ್ಲಿ ಒಂದು ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅಂದ್ರೆ ಬೇರೆ ಯಾರಿಗೂ ಬೇಡವಾಗಿತ್ತು. ಒಂದೂಕಾಲು ಅಡಿ ಉದ್ದ, ಅಗಲ ಕಮ್ಮಿ, ಕಂದು ಮರ, ಮೈತುಂಬ ಬಳ್ಳಿ ಕೆತ್ತನೆ. ಮುಚ್ಚಳದ ಮೇಲೆ ಸಾಲಾಗಿ ನಾಲ್ಕು ಬಿಳಿ ಹಲಗೆ, ಒಂದೊಂದೂ ಬೆಂಕಿಪೊಟ್ಟಣದ ಅಳತೆ. ಗಿಳಿ ಹಿಡಿದ ಹೆಂಗಸು, ವೀಣೆ ನುಡಿಸೋಳು, ಕನ್ನಡಿ ನೋಡ್ಕೊಳ್ಳೋಳು, ಜಿಂಕೆ ಜೊತೆ ನಿಂತೋಳು. ಕನ್ನಡಿಯವಳು ಕಿತ್ತು ಕೈಗೆ ಬಂದಾಳೆ. ಫೋಟೋ ಹಾಕೀನಿ.

ಹಳೇ ಸಾಮಾನು ಕೊಳ್ಳೋರೊಬ್ಬರು ನೋಡಿದ ಕೂಡ್ಲೇ "ದಂತ ಸಾರ್, ಈಗಲೇ ಒಯ್ತೀನಿ, ಯಾರಿಗೂ ತೋರಿಸ್ಬೇಡಿ" ಅಂದ್ರು. ಆ ಕೊನೇ ಮಾತಿಗೇ ನನಗೆ ಅನುಮಾನ ಬಂದಿದ್ದು. ಇದು ನಿಜಕ್ಕೂ ದಂತಾನಾ? ಎಷ್ಟು ಹಳೇದು? ಮಾರಬಹುದಾ?

ಮಂಡಕ್ಕಿ_ಮಿರ್ಚಿ
ಯಾರಿಗೂ ತೋರಿಸ್ಬೇಡಿ ಅಂದಿದ್ದನ್ನ ಇಡೀ ಕರ್ನಾಟಕಕ್ಕೆ ತೋರಿಸಿದ್ರಲ್ಲ, ಶಭಾಷ್. ಸೂಜಿ ಕೆಂಪಗೆ ಕಾಯಿಸಿ ಹಿಂದೆ ಒಂದು ಚುಚ್ಚಿ. ಕರಗಿದ್ರೆ ಪ್ಲಾಸ್ಟಿಕ್, ಕೂದಲು ಸುಟ್ಟ ವಾಸನೆ ಬಂದ್ರೆ ದಂತ. ನಮ್ಮ ಮಾವ ಹಂಗೇ ನೋಡೋದು.

ಉಳಿ_ಬಾಚಿ
ದಯವಿಟ್ಟು ಸೂಜಿ ಹತ್ರಕ್ಕೂ ಒಯ್ಯಬ್ಯಾಡ್ರಿ. ಮೂಳೆ ಸುಟ್ಟರೂ ಅದೇ ವಾಸನೆ, ದಂತ ಸುಟ್ಟರೂ ಅದೇ ವಾಸನೆ. ಸೆಲ್ಯುಲಾಯ್ಡ್ ಅನ್ನೋ ಹಳೇ ಪ್ಲಾಸ್ಟಿಕ್ ಆಗಿದ್ರೆ ಭಗ್ ಅಂತ ಹೊತ್ತಿಕೊಳ್ತದೆ, ಪೆಟ್ಟಿಗೆ ಜೊತೆ ನಿಮ್ಮ ಕೈಯೂ ಹೋಗ್ತದೆ. ಇದರಿಂದ ಗೊತ್ತಾಗೋದು ಏನೂ ಇಲ್ಲ, ಕಲೆ ಮಾತ್ರ ಉಳಿತದೆ.

ನಾನು ಮೈಸೂರಲ್ಲಿ ಬೀಟೆ ಮರದ ಕೆತ್ತು ಕೂರಿಸೋ ಕೆಲಸ ಕಲಿತು ಈಗ ಇಲ್ಲೇ ದಾವಣಗೆರೆಯಲ್ಲಿ ಬಾಗಿಲು ಕಿಟಕಿ ಮಾಡ್ಕೊಂಡಿದೀನಿ. ನಾನು ಕೆಲಸಕ್ಕೆ ಸೇರೋ ಹೊತ್ತಿಗೇ ದಂತ ನಿಂತು ಬಿಳಿ ಪ್ಲಾಸ್ಟಿಕ್ ಹಾಳೆ ಬಂದಾಗಿತ್ತು, ಆದ್ರೆ ರಿಪೇರಿಗೆ ಬರೋ ಹಳೇ ಸಾಮಾನಲ್ಲಿ ಎರಡನ್ನೂ ನೋಡೀನಿ. ಕಿತ್ತು ಬಂದ ಹಲಗೆಯ ಮುಂಭಾಗ ಬಿಡ್ರಿ. ಹಿಂಭಾಗ ಮತ್ತು ನಾಲ್ಕು ಅಂಚು ಫೋಟೋ ಹಾಕ್ರಿ. ಕಿಟಕಿ ಬೆಳಕು ಓರೆಯಾಗಿ ಬೀಳಬೇಕು, ಫ್ಲ್ಯಾಶ್ ಬ್ಯಾಡ. ಒಗ್ಗರಣೆ ಎಣ್ಣೆ ಕೈಯಲ್ಲಿ ಮುಟ್ಟಬ್ಯಾಡ್ರಿ, ನೀರು ತಾಗಿಸಬ್ಯಾಡ್ರಿ.

ಕಲ್ಲಿನಕೋಟೆ
ಉಳಿ_ಬಾಚಿ ಅವರು ಹೇಳಿದ್ದು ಸರಿ. ಇಂಥ ಹಲಗೆಗಳ ವಿಷಯದಲ್ಲಿ ನಾವೆಲ್ಲ ಮುಖ ನೋಡಿ ಮರುಳಾಗುತ್ತೇವೆ. ಹಲಗೆ ಯಾವತ್ತೂ ಒಂಟಿ ವಸ್ತು ಅಲ್ಲ. ಅದು ಪೆಟ್ಟಿಗೆಯದ್ದೋ ಪೀಠದ್ದೋ ಬಾಗಿಲಿನದ್ದೋ ಒಂದು ತುಂಡು. ಅದು ಎಲ್ಲಿ ಕೂತಿತ್ತು, ಯಾವುದರ ಪಕ್ಕ ಕೂತಿತ್ತು, ಹೇಗೆ ಹಿಡಿದುಕೊಂಡಿತ್ತು ಎಂಬುದೆಲ್ಲ ಬೆನ್ನ ಮೇಲೇ ಇರುತ್ತದೆ. ಮ್ಯೂಸಿಯಂಗಳಲ್ಲಿ ಗಾಜಿನ ಹಿಂದೆ ಮುಖ ಮೇಲಾಗಿ ಇಟ್ಟು ಬೆನ್ನು ಮುಚ್ಚಿಬಿಡುತ್ತಾರೆ ಎಂಬುದು ನನ್ನ ಹಳೆಯ ತಕರಾರು.

ಇವು ಚಿಕ್ಕದಾಗಿರುವುದಕ್ಕೂ ಕಾರಣವಿದೆ. ಆನೆಯ ದಂತ ಹಲ್ಲೇ, ಮೇಲ್ದವಡೆಯ ಬಾಚಿಹಲ್ಲು. ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯೊಳಗೆ ಹೂತಿರುತ್ತದೆ, ಆ ಬುಡದ ಭಾಗ ಟೊಳ್ಳು. ಗಟ್ಟಿ ಇರುವುದು ತುದಿಯ ಕಡೆ, ಅದೂ ಬಾಗಿರುತ್ತದೆ. ನಮ್ಮ ಏಷ್ಯಾದ ಆನೆಗಳಲ್ಲಿ ಉದ್ದ ದಂತ ಗಂಡಿಗೆ ಮಾತ್ರ. ಹಾಗಾಗಿ ಸಪಾಟಾದ ಹಲಗೆ ಬೇಕೆಂದರೆ ದಂತದ ದಪ್ಪವೇ ಅಗಲದ ಮಿತಿ. ಉದ್ದಕ್ಕೆ ಸೀಳಬಹುದು, ಅಗಲ ಹೆಚ್ಚಿಸಲಾಗದು. ದೊಡ್ಡ ಮೈ ತುಂಬಿಸಬೇಕಾದರೆ ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಲೇಬೇಕು. ಅರಮನೆಯ ಬಾಗಿಲಿರಲಿ, ನಿಮ್ಮ ಪೆಟ್ಟಿಗೆಯಿರಲಿ, ಚೌಕಟ್ಟು ಚೌಕಟ್ಟಾಗಿ ಒಡೆದು ಕಾಣುವುದಕ್ಕೆ ಅಲಂಕಾರದ ಆಸೆಯ ಜೊತೆಗೆ ಈ ಲೆಕ್ಕವೂ ಇದೆ.

ಚಂದ್ರವಳ್ಳಿ_ನೋಟ
ಸರ್ ಹೇಳಿದ "ಬೆನ್ನು" ಮಾತಿಗೆ ಬೆಗ್ರಾಮ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮ್‌ನಲ್ಲಿ, ಹಳೆಯ ಕಪಿಶದಲ್ಲಿ, 1937 ಮತ್ತು 1939ರಲ್ಲಿ ಫ್ರೆಂಚ್ ತಂಡ ಅಗೆದಾಗ ಗೋಡೆ ಕಟ್ಟಿ ಮುಚ್ಚಿದ್ದ ಎರಡು ಕೋಣೆ ಸಿಕ್ಕವು. ಜೋಸೆಫ್ ಅಕ್ಯಾಂ, ರಿಯಾ ಅಕ್ಯಾಂ ದಂಪತಿ ಆ ಕೆಲಸದ ಮುಂದಾಳುಗಳು. ಒಳಗೆ ರೋಮಿನ ಗಾಜು, ಚೀನಾದ ಅರಗಿನ ಪಾತ್ರೆ, ಜೊತೆಗೆ ಭಾರತೀಯ ಶೈಲಿಯ ಸಾವಿರಕ್ಕೂ ಹೆಚ್ಚು ದಂತ ಮತ್ತು ಮೂಳೆಯ ತುಂಡು. ಹೆಚ್ಚಿನವರು ಕುಶಾಣರ ಕಾಲ, ಕ್ರಿ.ಶ. 1ನೇ-2ನೇ ಶತಮಾನ ಅಂತಾರೆ.

ಅವೆಲ್ಲ ಪೀಠ, ಕಾಲುಮಣೆಗಳಿಗೆ ಹೊಡೆದಿದ್ದ ಹಲಗೆಗಳು. ಮರ ಪೂರ್ತಿ ಮಣ್ಣಾಗಿ ಹೋಗಿತ್ತು, ಬಿಳಿ ಹಲಗೆ ಮಾತ್ರ ಬಿದ್ದ ಜಾಗದಲ್ಲೇ ಉಳಿದಿದ್ದವು. ಬಿದ್ದ ಕ್ರಮ ನೋಡಿಯೇ ಪೀಠದ ಆಕಾರ ಊಹಿಸಿದ್ರು. ಎಷ್ಟೋ ತುಂಡುಗಳಲ್ಲಿ ಬ್ರಾಹ್ಮಿ, ಖರೋಷ್ಠಿ ಅನ್ನೋ ಹಳೇ ಲಿಪಿಗಳ ಅಕ್ಷರದ ಗುರುತು ಇವೆ. ಯಾವ ತುಂಡು ಎಲ್ಲಿಗೆ ಅಂತ ಜೋಡಿಸೋನು ತನಗಾಗಿ ಹಾಕ್ಕೊಂಡ ಗುರುತು!

ಮೇಲೆ ಕೆತ್ತಿರೋದು ಹೆಚ್ಚಾಗಿ ಹೆಂಗಸರೇ. ತೋರಣದ ಕೆಳಗೆ ನಿಂತವರು, ಸಿಂಗಾರ ಮಾಡ್ಕೊಳ್ಳೋರು, ಹಕ್ಕಿ ಜೊತೆ ಆಡೋರು. ನಿಮ್ಮ ಗಿಳಿಯವಳ ವಂಶ ಎರಡು ಸಾವಿರ ವರ್ಷ ಹಿಂದಕ್ಕೆ ಹೋಗ್ತದೆ ಅಂದುಕೊಳ್ಳಿ. ನಾವು ಬೆಳ್ಳಗೆ ಅಂದ್ಕೊಂಡಿರೋ ಇವುಗಳಿಗೆ ಆಗ ಬಣ್ಣ ಬಳಿದಿತ್ತು. ಕೆಂಪು, ನೀಲಿ, ಕಪ್ಪಿನ ಕುರುಹು ಸಿಕ್ಕಿದೆ.

ಅಂತರ್ಯುದ್ಧದ ಕಾಲದಲ್ಲಿ ಕಾಬೂಲ್ ಮ್ಯೂಸಿಯಂ ಲೂಟಿಯಾಗಿ ಇವು ಕಳ್ಳಸಂತೆಗೆ ಹೋದವು. ಅದರಲ್ಲಿ 20 ತುಂಡು ಒಬ್ಬ ದಾನಿ ಕೊಂಡು ವಾಪಸ್ ಕೊಡಿಸಿದ್ರು. 2011ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಸರಿಪಡಿಸಿ ತೋರಿಸಿ, ಮರುವರ್ಷ ಕಾಬೂಲಿಗೆ ಕಳಿಸಿದ್ರು.

ಹೊಂಡದ_ಸರ್ಕಲ್
ಅಬ್ಬಾ. ನಾನು ಕೇಳಿದ್ದು ಒಂದು ಪೆಟ್ಟಿಗೆ ವಿಷಯ, ಕಾಬೂಲ್ ತನಕ ಹೋಯ್ತು. ಸರಿ, ಹಿಂಭಾಗದ ಫೋಟೋ ಹಾಕೀನಿ ನೋಡ್ರಿ. ಉದ್ದಕ್ಕೆ ಸಣ್ಣ ಸಣ್ಣ ಕಪ್ಪು ಗೀಟು, ಅಂಚಲ್ಲಿ ಚುಕ್ಕಿ ಚುಕ್ಕಿ. ಒಂದು ಮೂಲೆ ಜಾಳುಜಾಳಾಗಿ ತೂತು ಬಿದ್ದಂಗೆ ಐತಿ. ಮಧ್ಯೆ ಏನೋ ಗೀಚಿದ್ದು, ಕನ್ನಡದ ೩ ಇದ್ದಂಗೆ ಕಾಣ್ತದೆ. ಪೆಟ್ಟಿಗೆ ಮೇಲೆ ಕೂತಿರೋ ಉಳಿದ ಮೂರರಲ್ಲಿ ಗಿಳಿಯವಳ ಒಂದು ಮೂಲೆ ಸ್ವಲ್ಪ ಎದ್ದೈತಿ. ಅದರ ಅಂಚಲ್ಲಿ ಚುಕ್ಕಿ ಇಲ್ಲ, ಗೆರೆ ಮೇಲೆ ಗೆರೆ ಕತ್ತರಿ ಹಾಕಿದಂಗೆ ಅದಾವೆ. ಭೂತಗನ್ನಡಿಯಲ್ಲಿ ಮಾತ್ರ ಕಾಣೋದು.

ಉಳಿ_ಬಾಚಿ
ಈಗ ಮಾತು ಸಿಕ್ತು ನೋಡ್ರಿ.

ಕೈಗೆ ಬಂದಿರೋದು ಮೂಳೆ. ಎತ್ತಿಂದೋ ಒಂಟೇದೋ. ಜೀವಂತ ಮೂಳೆಯಲ್ಲಿ ರಕ್ತ ಹರಿಯೋ ಸಣ್ಣ ಕೊಳವೆ ಇರ್ತಾವೆ. ಅಡ್ಡ ಕೊಯ್ದ ಕಡೆ ಅವು ಚುಕ್ಕಿ, ಉದ್ದ ಸೀಳಿದ ಕಡೆ ಗೀಟು. ಒಳಗೆ ಕೊಳೆ ಸೇರಿ ಕಪ್ಪಾಗಿರ್ತಾವೆ. ಜಾಳಾಗಿರೋ ಮೂಲೆ ಮಜ್ಜೆ ಕಡೆ. ದಂತಕ್ಕೆ ಇಂಥ ಕೊಳವೆ ಇಲ್ಲ.

ಗಿಳಿಯವಳು ದಂತವೇ ಇರಬೇಕು. ಕತ್ತರಿ ಹಾಕಿದ ಗೆರೆ ಆನೆ ದಂತದ ಗುರುತು, ಶ್ರೇಗರ್ ಗೆರೆ ಅಂತ ಕರೀತಾರೆ. ದಂತವನ್ನ ಅಡ್ಡ ಕೊಯ್ದ ಮೈಮೇಲೆ ಮಾತ್ರ ಕಾಣ್ತದೆ. ಹಲಗೆ ಉದ್ದ ಸೀಳಿರೋದ್ರಿಂದ ಮುಖದ ಮೇಲೆ ಎಷ್ಟು ಹುಡುಕಿದರೂ ಸಿಗಲ್ಲ, ಮೇಲೆ ಕೆಳಗಿನ ಮಟ್ಟಸ ಅಂಚಲ್ಲೇ ಹುಡುಕಬೇಕು. ಪ್ಲಾಸ್ಟಿಕ್ಕಿನೋರೂ ದಂತದ ಹಂಗೆ ಗೆರೆ ಹಾಕ್ತಾರೆ, ಆದ್ರೆ ಅವು ಸ್ಕೇಲಿಟ್ಟು ಎಳೆದಷ್ಟು ಸಮ, ಒಂದನ್ನೊಂದು ಕತ್ತರಿಸೋದಿಲ್ಲ.

ಅಂದ್ರೆ ನಿಮ್ಮ ಪೆಟ್ಟಿಗೆಗೆ ಯಾವಾಗಲೋ ರಿಪೇರಿ ಆಗೈತಿ. ಮೂರನೇ ಹಲಗೆ ಕಳೆದೋ ಒಡೆದೋ ಹೋಗಿ, ಯಾರೋ ಮೂಳೆಯಲ್ಲಿ ಹೊಸದು ಕೆತ್ತಿ, ಹಿಂದೆ ೩ ಅಂತ ಬರೆದು ಕೂರಿಸ್ಯಾರೆ. ಮುಂಭಾಗದ ಫೋಟೋ ಮತ್ತೆ ನೋಡಿದೆ. ಕನ್ನಡಿಯವಳ ಬೆರಳು ಉಳಿದವರಷ್ಟು ನಯ ಇಲ್ಲ, ಬಳ್ಳಿಯ ಸುರುಳಿ ಒಂದು ಸುತ್ತು ಕಮ್ಮಿ. ಆದ್ರೂ ಕೈ ಕೆಟ್ಟದ್ದಲ್ಲ. ಮೂಳೆ ದಂತದ ಹಂಗೆ ಉಳಿಗೆ ಬಗ್ಗೋದಿಲ್ಲ, ಚೂರು ಏಳ್ತದೆ. ಅದರಲ್ಲಿ ಆ ಮೂಗು, ಆ ಮುಂಗುರುಳು ತೆಗೆದಿರೋನು ಸಾಮಾನ್ಯದ ಆಸಾಮಿ ಅಲ್ಲ.

ಮಂಡಕ್ಕಿ_ಮಿರ್ಚಿ
ಅಂದ್ರೆ ಆ ಅಂಗಡಿಯವ್ನು ದಂತದ ರೇಟಿಗೆ ಮೂಳೆ ಒಯ್ತಿದ್ದ. ಛೇ, ಬಿಟ್ಟಿದ್ರೆ ಅವ್ನಿಗೇ ಲಾಸ್ ಆಗ್ತಿತ್ತಲ್ಲ.

ಕಲ್ಲಿನಕೋಟೆ
ಮರದ ಬಗ್ಗೆ ಯಾರೂ ಕೇಳಲಿಲ್ಲ. ಮುಚ್ಚಳದ ಒಳಬದಿ ಬಟ್ಟೆಯಿಂದ ಉಜ್ಜಿ ಮೂಸಿ ನೋಡಿ. ಗಂಧದ ವಾಸನೆ ಇನ್ನೂ ಇದ್ದರೆ ನನ್ನ ಊಹೆ ಸಾಗರ, ಸೊರಬದ ಗುಡಿಗಾರರ ಕಡೆ ಹೋಗುತ್ತದೆ. ಗಂಧದ ಜೊತೆ ದಂತವನ್ನೂ ಕೆತ್ತುತ್ತಿದ್ದ ಮನೆತನಗಳು ಅವು, ನಮಗೆ ದೂರವೂ ಅಲ್ಲ. ಇಂಚೂ ಖಾಲಿ ಬಿಡದ ಬಳ್ಳಿ, ಬಳ್ಳಿಯ ಸಂದಿನಲ್ಲಿ ಹಕ್ಕಿ, ಇದು ಅವರ ಕೈಯ ರೀತಿ.

ಮೈಸೂರಿನದು ಬೇರೆ ದಾರಿ. ಅಲ್ಲಿ ಬೀಟೆ ಮರವನ್ನು ತೋಡಿ ದಂತದ ತುಂಡನ್ನು ಮರದ ಮಟ್ಟಕ್ಕೇ ಕೂರಿಸುತ್ತಿದ್ದರು, ಮೇಲೆ ಗೆರೆ ಕೊರೆದು ಕಪ್ಪು ತುಂಬುತ್ತಿದ್ದರು. ಅಂಬಾವಿಲಾಸ ಅರಮನೆಯ ಬಾಗಿಲುಗಳು ಹಾಗೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋದವರು ಅಲ್ಲಿನ ಕರಿಮರದ ಬಾಗಿಲನ್ನೂ ನೋಡಿರುತ್ತೀರಿ, ದಂತ ಕೂರಿಸಿದ ಆ ಬಾಗಿಲು ಡಾಲ್‌ಹೌಸಿ ಕೊಟ್ಟದ್ದು. ವಿಶಾಖಪಟ್ಟಣದ ಕುಶಲಕರ್ಮಿಗಳು ಮೂರನೇ ರೀತಿ ಹಿಡಿದರು. ತೆಳು ದಂತದ ಹಾಳೆಯಿಂದ ಇಡೀ ಪೆಟ್ಟಿಗೆಯ ಮೈಯನ್ನೇ ಮುಚ್ಚಿ, ಹೂಬಳ್ಳಿ ಕೊರೆದು, ಕಪ್ಪು ಅರಗು ತುಂಬಿ, ಕಂಪನಿ ಕಾಲದ ಇಂಗ್ಲಿಷರಿಗೆ ಮಾರುತ್ತಿದ್ದರು.

ನಿಮ್ಮದು ಉಬ್ಬು ಕೆತ್ತನೆ, ಗುಳಿಯಲ್ಲಿ ಕೂರಿಸಿದ್ದು. ಉದ್ದ ಹೆಚ್ಚು, ಅಗಲ ಕಮ್ಮಿ ಎಂದಿರಿ. ಎಲೆ ಅಡಿಕೆಗೂ ಆಗದು, ಒಡವೆಗೂ ಅನುಕೂಲವಲ್ಲ. ಸುತ್ತಿದ ಕಾಗದಕ್ಕೆ ಸರಿಯಾದ ಅಳತೆ. ಹಿಂದೆ ದೊಡ್ಡವರಿಗೆ ಮಾನಪತ್ರ ಕೊಡುವಾಗ ಅದನ್ನು ಸುರುಳಿ ಸುತ್ತಿ ಗಂಧದ ಕರಂಡಕದಲ್ಲಿಟ್ಟು ಕೊಡುತ್ತಿದ್ದರು. ನಿಮ್ಮ ಮುತ್ತಜ್ಜನಿಗೆ ಹತ್ತಿ ವ್ಯಾಪಾರವೋ ಗಿರಣಿಯ ಸಂಬಂಧವೋ ಇತ್ತೇ?

ಹೊಂಡದ_ಸರ್ಕಲ್
ಹತ್ತಿ ಮಂಡಿ ಇತ್ತು ಸರ್! ಒಳಗೆ ಉಜ್ಜಿದೆ, ಗಂಧದ ವಾಸನೆ ಇನ್ನೂ ಘಮ್ ಅಂತೈತಿ. ಕಾಗದ ಏನೂ ಇಲ್ಲ, ಇಲಿ ಹಿಕ್ಕೆ ಮಾತ್ರ.

ಶಾಂತಿಸಾಗರ
ಎಲ್ಲರೂ ಖುಷಿಯಾಗಿದೀರಿ, ನಡುವೆ ಬಂದೆ ಅಂತ ಬೇಸರ ಬೇಡ. ನಮ್ಮ ಚನ್ನಗಿರಿ ಸೀಮೆಗೆ ಭದ್ರಾ ಕಾಡಿನ ಆನೆ ಇಳಿದ್ರೆ ಊರೆಲ್ಲ ಪಟಾಕಿ ಹಿಡ್ಕೊಂಡು ಓಡ್ತೀವಿ. ಆನೆಗೆ ಇರೋಕೆ ಜಾಗ ಉಳಿದಿಲ್ಲ. ಇಲ್ಲಿ ನೋಡಿದ್ರೆ ಸತ್ತ ಆನೆ ಹಲ್ಲಿನ ಮೇಲೆ ಬೆರಳು ಎಷ್ಟು ನಯ ಅಂತ ಚರ್ಚೆ. ಇದನ್ನ ಕಲೆ ಅಂತ ಹೊಗಳೋದು ಎಷ್ಟು ಸರಿ?

ಕಲ್ಲಿನಕೋಟೆ
ಕೇಳಬೇಕಾದ ಪ್ರಶ್ನೆಯೇ. "ನಮ್ಮಲ್ಲಿ ಸಾಕಾನೆಯ ದಂತದ ತುದಿ ಮಾತ್ರ ಕತ್ತರಿಸುತ್ತಿದ್ದರು, ಕೊಲ್ಲುತ್ತಿರಲಿಲ್ಲ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅರ್ಧ ನಿಜ. ದೇವಸ್ಥಾನ, ಅರಮನೆಯ ಆನೆಗಳ ದಂತದ ತುದಿ ಕತ್ತರಿಸುವ ಪದ್ಧತಿ ಇತ್ತು. ತುದಿ ಗಟ್ಟಿ, ನರ ಇರುವುದು ಬುಡದ ಕಡೆ. ಆದರೆ ಅಷ್ಟರಿಂದ ಅಷ್ಟೂ ಕುಸುರಿ ಕೆಲಸ ನಡೆಯಿತೆಂದು ನಾನು ನಂಬುವುದಿಲ್ಲ. 19ನೇ ಶತಮಾನದಲ್ಲಿ ಜಂಜಿಬಾರ್ ಕಡೆಯಿಂದ ಮುಂಬಯಿಗೆ ಹಡಗುಗಟ್ಟಲೆ ದಂತ ಬರುತ್ತಿತ್ತು, ಅಲ್ಲಿಂದ ಯುರೋಪಿಗೂ ಹೋಗುತ್ತಿತ್ತು, ನಮ್ಮ ಕೆತ್ತನೆಗಾರರಿಗೂ ಬರುತ್ತಿತ್ತು. ಈ ಗಿಳಿಯವಳೂ ಆಫ್ರಿಕಾದ ಆನೆಯಿಂದ ಬಂದವಳಿದ್ದಾಳು. ಅಲ್ಲಿ ಅದನ್ನು ಹೊತ್ತು ಕರಾವಳಿಗೆ ತಂದವರ ಪಾಡು ಕೂಡ ಚಂದದ ಕಥೆಯಲ್ಲ.

ಆದರೂ ಕೆತ್ತಿದವನ ಕೈಯನ್ನು ನೋಡದೇ ಇರಲು ನನ್ನಿಂದಾಗದು. ಸಾಂಚಿಯ ದೊಡ್ಡ ಸ್ತೂಪದ ದಕ್ಷಿಣ ತೋರಣದ ಮೇಲೊಂದು ಶಾಸನವಿದೆ: ಈ ಕೆತ್ತನೆ ಮಾಡಿದವರು ವಿದಿಶೆಯ ದಂತ ಕೆಲಸದವರು ಎಂದು. ಕಲ್ಲಿನ ಮೇಲೆ ದಂತದವರ ಸಹಿ! ಆ ತೋರಣವನ್ನು ಹತ್ತಿರದಿಂದ ನೋಡಿದರೆ ಸಣ್ಣ ಚೌಕದಲ್ಲಿ ಜನ, ಪ್ರಾಣಿ, ಮರ ಒತ್ತೊತ್ತಾಗಿ ತುಂಬಿರುವುದು ಹಲಗೆ ಕೆತ್ತುವವನ ಅಭ್ಯಾಸವೇ ಅನ್ನಿಸುತ್ತದೆ. ಅದೇ ತೋರಣದಲ್ಲಿ ಶಾತಕರ್ಣಿಯ ಕುಶಲಕರ್ಮಿಗಳ ಮುಖ್ಯಸ್ಥ ಆನಂದನ ಹೆಸರೂ ಇದೆ. ಶಾತಕರ್ಣಿ ಶಾತವಾಹನರ ದೊರೆ. ಶಾತವಾಹನರೆಂದರೆ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸೀಸದ ನಾಣ್ಯ ಬಿಟ್ಟುಹೋದವರು.

ಚಂದ್ರವಳ್ಳಿ_ನೋಟ
ಅದೇ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಅಂದ್ರೆ ಆಗ ನಮ್ಮ ಈ ಬಯಲುಸೀಮೆಗೂ ರೋಮಿನ ದುಡ್ಡು ಹರೀತಿತ್ತು. ಅತ್ತ ಕಡೆಗೆ ಏನು ಹೋಯ್ತು ಅಂದ್ರೆ, 1938ರಲ್ಲಿ ಇಟಲಿಯ ಪೊಂಪೇಯಲ್ಲಿ ಒಂದು ಮನೆ ಅಗೆದಾಗ ಭಾರತದ ದಂತದ ಹೆಣ್ಣುಗೊಂಬೆ ಸಿಕ್ತು. ಒಂದು ಗೇಣಿನಷ್ಟು ಎತ್ತರ, ಮೈತುಂಬ ಒಡವೆ, ಎರಡೂ ಪಕ್ಕ ಸಿಂಗಾರದ ಸಾಮಾನು ಹಿಡಿದ ಪುಟ್ಟ ಸಖಿಯರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿ ಮುಚ್ಚಿದ ಊರದು, ಹಾಗಾಗಿ ಅದಕ್ಕಿಂತ ಮುಂಚಿನದು ಅನ್ನೋದರಲ್ಲಿ ಸಂಶಯ ಇಲ್ಲ. ಲಕ್ಷ್ಮಿ ಅಂತ ಹೆಸರಿಟ್ಟು ಈಗ ನೇಪಲ್ಸ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಯಕ್ಷಿ ಅನ್ನೋರೇ ಈಗ ಜಾಸ್ತಿ. ನೆತ್ತಿಯಿಂದ ಕೆಳಕ್ಕೆ ತೂತು ಇದೆ, ಬುಡದಲ್ಲಿ ಖರೋಷ್ಠಿ ಅಕ್ಷರ ಇದೆ. ಅಂದ್ರೆ ಅವಳೂ ಒಂಟಿಯಲ್ಲ, ಕನ್ನಡಿಯ ಹಿಡಿಕೆಯೋ, ಯಾವುದೋ ಪೀಠದ ಕಾಲೋ ಆಗಿದ್ದವಳು. ಇದೇ ಥರದ ಗೊಂಬೆ ಮಹಾರಾಷ್ಟ್ರದ ತೇರ್, ಭೋಕರ್ದನ್‌ನಲ್ಲೂ ಸಿಕ್ಕಿವೆ. ನಾವು ಮಾತ್ರ ಮುಖ ನೋಡಿ ದೇವಿ ಮಾಡಿ ಕೂರಿಸಿದ್ವಿ.

ಉಳಿ_ಬಾಚಿ
ಶಾಂತಿಸಾಗರ ಅವ್ರೇ, ನಿಮ್ಮ ಮಾತಿಗೆ ನಾನು ಸೇರ್ತೀನಿ. ದಂತ ನಿಂತಾಗ ಹಳೇ ಮೇಸ್ತ್ರಿಗಳು ಕೈ ಕಟ್ಟಿದಂಗಾಯ್ತು ಅಂತ ಬೈಯ್ತಿದ್ರು, ನಿಜ. ಪ್ಲಾಸ್ಟಿಕ್ ಅಷ್ಟು ನಯಕ್ಕೆ ಬರಲ್ಲ, ಅರ ಹಾಕಿದ್ರೆ ಕಾವಿಗೆ ಮೆತ್ತಗಾಗಿ ಅಂಟ್ತದೆ. ಆದ್ರೂ ಕೆಲಸ ನಿಲ್ಲಲಿಲ್ಲ. ಹಲಸು, ಹೊನ್ನೆ ಥರದ ಬಣ್ಣದ ಮರದ ಚೂರಿಂದಲೇ ಚಿತ್ರ ಮಾಡೋದು ಆಮೇಲೆ ಹೆಚ್ಚಾಯ್ತು. ನನಗೆ ಕೇಳಿದ್ರೆ ಅದೇ ಈಗ ಹೆಚ್ಚು ಚಂದ.

ಕರಿಕೋಟು
ಮೂಲ ಪ್ರಶ್ನೆಗೆ ಬರೋಣ. ಮಾರಬಹುದಾ? ಆಗುವುದಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಆನೆ ಮೊದಲನೇ ಪರಿಶಿಷ್ಟಕ್ಕೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಗೆ, ಬಂದದ್ದು 1977ರಲ್ಲಿ. 1986ರ ತಿದ್ದುಪಡಿ ದೇಶದೊಳಗಿನ ಭಾರತೀಯ ದಂತದ ವ್ಯಾಪಾರ ನಿಲ್ಲಿಸಿತು. 1991ರಲ್ಲಿ ಆಫ್ರಿಕಾದ ದಂತಕ್ಕೂ ಅದೇ ಗತಿ. ಹಾಗಾಗಿ "ಇದು ಆಫ್ರಿಕಾದ್ದು ಸಾರ್" ಅನ್ನುವ ಸಬೂಬು ನಡೆಯದು. ಸಾವಿರಾರು ವರ್ಷ ಹಿಂದೆ ಅಳಿದ ಮ್ಯಾಮತ್ ಆನೆಯ ದಂತ ಅಂದರೂ ನಡೆಯದು, ಸುಪ್ರೀಂ ಕೋರ್ಟ್ 2003ರಲ್ಲೇ ಅದನ್ನೂ ಸೇರಿಸಿ ತೀರ್ಪು ಕೊಟ್ಟಿದೆ. ಎಷ್ಟು ಹಳೆಯದು ಎಂಬುದರ ಮೇಲೂ ವಿನಾಯಿತಿ ಇಲ್ಲ. ಮೊದಲನೇ ಪರಿಶಿಷ್ಟದ ಪ್ರಾಣಿಯ ವಸ್ತುವಿನ ಅಪರಾಧಕ್ಕೆ ಶಿಕ್ಷೆ 3ರಿಂದ 7 ವರ್ಷ. ಕೊಂಡವನಿಗಷ್ಟೇ ಅಲ್ಲ, ಕೊಟ್ಟವನಿಗೂ.

ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳುವುದು ಬೇರೆ ವಿಷಯ. ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಹಿರಿಯರ ಹೆಸರಲ್ಲಿ ಮಾಲೀಕತ್ವದ ಪ್ರಮಾಣಪತ್ರ ಇತ್ತಾ ಅನ್ನೋದನ್ನ ಮೊದಲು ಹುಡುಕಿ. ಹಳೇ ಕಾಗದದ ಟ್ರಂಕು ಇದ್ದೇ ಇರುತ್ತದೆ. ಇಲ್ಲದಿದ್ದರೆ ಸುಮ್ಮನೆ ಕೂರಬೇಡಿ, ವಕೀಲರ ಜೊತೆ ಮಾತಾಡಿ ನೀವಾಗೇ ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ. 2023ರಲ್ಲಿ ಹುಲಿ ಉಗುರಿನ ಪದಕದ ಗಲಾಟೆ ನೆನಪಿದೆಯಲ್ಲ? ಅಜ್ಜ ಕೊಟ್ಟಿದ್ದು ಅಂದವರೆಲ್ಲ ಕಚೇರಿ ಮೆಟ್ಟಿಲು ಹತ್ತಿದರು.

ಮಂಡಕ್ಕಿ_ಮಿರ್ಚಿ
ಲಾಯರ್ ಸಾರ್, ದುರ್ಗದ ಕೋಟೆ ಮೇಲೆ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ಇಟ್ಟಿದ್ದಾರಲ್ಲ, ಅದಕ್ಕೂ ಸರ್ಟಿಫಿಕೇಟ್ ಬೇಕಾ?

ಕರಿಕೋಟು
ರಾಕ್ಷಸರು ಯಾವ ಪರಿಶಿಷ್ಟದಲ್ಲೂ ಇಲ್ಲ.

ಕಲ್ಲಿನಕೋಟೆ
ಮಂಡಕ್ಕಿ, ಅದರ ಬೆನ್ನು ನೋಡಿದವರು ಯಾರಾದರೂ ಇದ್ದರೆ ಹೇಳಿ, ನಾನೂ ಬರುತ್ತೇನೆ.

ಹೊಂಡದ_ಸರ್ಕಲ್
ಮಾರೋ ವಿಚಾರ ಬಿಟ್ಟೆ. ಅಣ್ಣನ ಹತ್ರ ಹಳೇ ಟ್ರಂಕು ಐತಿ, ಕೇಳೀನಿ. ಇನ್ನೊಂದು ಪ್ರಶ್ನೆ, ಕನ್ನಡಿಯವಳನ್ನ ಫೆವಿಕಾಲ್ ಹಚ್ಚಿ ಕೂರಿಸಿಬಿಡ್ಲಾ? ಎದ್ದ ಮೂಲೆಗೂ ಒಂದು ತೊಟ್ಟು?

ಉಳಿ_ಬಾಚಿ
ಬ್ಯಾಡ ಅಂದ್ರೆ ಬ್ಯಾಡ. ದಂತ ನೋಡೋಕೆ ಕಲ್ಲಿನಂಗೆ, ಆದ್ರೆ ತೇವ ಕುಡೀತದೆ, ಒಣಗ್ತದೆ. ನಮ್ಮ ದಾವಣಗೆರೆ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ತದೆ, ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ. ಅದರ ಕೆಳಗಿನ ಮರ ತನ್ನದೇ ಲೆಕ್ಕದಲ್ಲಿ ಆಡ್ತದೆ. ಗಟ್ಟಿ ಅಂಟು ಹಾಕಿ ಎರಡನ್ನೂ ಬಿಗಿದ್ರೆ ಹಲಗೆ ನಡುವೆ ಸೀಳ್ತದೆ. ಹಳೇ ಮಂದಿ ಸರೇಸು, ಅಂದ್ರೆ ತೊಗಲು ಮೂಳೆ ಕುದಿಸಿ ತೆಗೆದ ಅಂಟು, ಹಾಕ್ತಿದ್ದಿದ್ದು ಸುಮ್ನೆ ಅಲ್ಲ. ಅದು ಬೇಕಾದಾಗ ಬಿಡ್ತದೆ, ಬಿಟ್ಟಿದ್ದಕ್ಕೇ ನಿಮ್ಮ ಹಲಗೆ ಒಡೀದೆ ಕೈಗೆ ಬಂತು. ಕನ್ನಡಿಯವಳನ್ನ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆ ಒಳಗೇ ಇಡ್ರಿ. ಕೆಂಪು ಮಖಮಲ್ ಬ್ಯಾಡ, ಬಣ್ಣ ಹತ್ತುತದೆ. ರಬ್ಬರ್ ಬ್ಯಾಂಡ್ ಬ್ಯಾಡ. ಹಳದಿಯಾಗಿದೆ ಅಂತ ನಿಂಬೆಹಣ್ಣು, ಟೂತ್‌ಪೇಸ್ಟ್ ಹಚ್ಚೋ ಬುದ್ಧಿ ಯಾರಾದ್ರೂ ಹೇಳ್ಕೊಟ್ರೆ ಅವರನ್ನ ಮನೆಗೆ ಸೇರಿಸಬ್ಯಾಡ್ರಿ. ಉಳಿದ ಮೂರರ ಬೆನ್ನಲ್ಲಿ ೧, ೨, ೪ ಐತಾ ಅಂತ ನೋಡೋಕೆ ಎಬ್ಬಿಸಲೂ ಹೋಗಬ್ಯಾಡ್ರಿ.

ಶಾಂತಿಸಾಗರ
ಮೂಳೆಯವಳ ಕೆತ್ತನೆಗಾರನೇ ನನಗೆ ಹಿಡಿಸಿದ. ಎತ್ತಿನ ಮೂಳೆಯಲ್ಲಿ ಅದೇ ಕೆಲಸ ಆಗ್ತದೆ ಅಂತ ಆಗಲೇ ತೋರಿಸಿಬಿಟ್ಟಿದ್ದಾನೆ.

ಚಂದ್ರವಳ್ಳಿ_ನೋಟ
ಬೆಗ್ರಾಮ್‌ನಲ್ಲೂ ಮೂಳೆ, ದಂತ ಎರಡೂ ಬೆರೆತೇ ಇದ್ದವು, ಅವನೊಬ್ಬನೇ ಅಲ್ಲ. ಹೊಂಡದ_ಸರ್ಕಲ್ ಅವರೇ, ೩ ಕಾಣುವ ಹಾಗೆ ಓರೆ ಬೆಳಕಲ್ಲಿ ಇನ್ನೊಂದು ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ. ಗುಳಿಯ ಒಳಗೂ ಟಾರ್ಚ್ ಬಿಟ್ಟು ನೋಡಿ, ಮರದ ಮೇಲೂ ಅದೇ ಅಂಕಿ ಇರಬಹುದು.

ಹೊಂಡದ_ಸರ್ಕಲ್
ಟಾರ್ಚ್ ಬಿಟ್ಟೆ. ಗುಳಿ ತಳದಲ್ಲಿ ಅಂಕಿ ಇಲ್ಲ, ಮೂರು ಸಣ್ಣ ಗೀಟು ಉಳಿಯಲ್ಲಿ ಹೊಡೆದೈತಿ. ಒಂದರ ಪಕ್ಕ ಒಂದು.

ಉಳಿ_ಬಾಚಿ
ಮೊದಲಿನ ಮೇಸ್ತ್ರಿ ಗೀಟು ಹಾಕ್ಯಾನೆ, ರಿಪೇರಿಯವನು ಅದನ್ನ ಎಣಿಸಿ ಅಂಕಿ ಬರೆದಾನೆ. ಬೇರೆ ಬೇರೆ ಕೈ.

ಕರಿಕೋಟು
ಆ ಫೋಟೋಗಳನ್ನೂ ಅರ್ಜಿ ಜೊತೆ ಲಗತ್ತಿಸಿ. ಅರ್ಜಿಯಲ್ಲಿ ನೀವೇ "ದಂತ" ಅಂತ ತೀರ್ಮಾನ ಕೊಡಬೇಡಿ. "ದಂತದಂತೆ ಕಾಣುವ ಮೂರು ಹಲಗೆ, ಮೂಳೆಯಂತೆ ಕಾಣುವ ಒಂದು ಹಲಗೆ" ಅಂತ ಬರೀರಿ, ಅಳತೆ ಹಾಕಿ. ಗಂಧದ ಪೆಟ್ಟಿಗೆ ಅನ್ನೋದನ್ನೂ ಮುಚ್ಚಿಡಬೇಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.